ಮೊಬೈಲ್ ಕಂಪನಿಗಳ ಪೈಪೋಟಿಯಿಂದ ನಮಗೆ ಒಳ್ಳೆಯದಾಯಿತಾ? ಪರ-ವಿರೋಧ

ಈ ಪ್ರಶ್ನೆಗೆ ನನ್ನಲ್ಲೇ ಎರಡು ಉತ್ತರಗಳಿವೆ. ಎರಡನ್ನೂ ಮನಸ್ಸಿಟ್ಟು ಬರೆದಿದ್ದೇನೆ.

ಪರ: ಹೌದು, ತುಂಬಾ ಒಳ್ಳೆಯದಾಯಿತು

2008ರ ಆಗಸ್ಟ್‌ನಲ್ಲಿ ಐಫೋನ್ ನಮ್ಮ ದೇಶದ ಅಂಗಡಿಗಳಿಗೆ ಬಂತು. 8 ಜಿಬಿ ಫೋನಿಗೆ 31,000 ರೂಪಾಯಿ. ಅಷ್ಟು ದುಡ್ಡು ಕೊಟ್ಟರೂ ಅದರಲ್ಲಿ ಕನ್ನಡ ಕೀಲಿಮಣೆ ಇರಲಿಲ್ಲ. ಅದೇ ವರ್ಷ ಮೈಕ್ರೊಮ್ಯಾಕ್ಸ್ ಕಂಪನಿ ಎಕ್ಸ್1ಐ ಅನ್ನೋ ಸಣ್ಣ ಫೋನು ತಂದಿತು. ಒಮ್ಮೆ ಚಾರ್ಜ್ ಮಾಡಿದರೆ 30 ದಿನ ಬಾಳುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಕರೆಂಟು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಗೊತ್ತಿಲ್ಲದ ಹಳ್ಳಿಗಳಿಗೆ ಬೇಕಾಗಿದ್ದು ಅದೇ ತಾನೆ? ಎರಡು ಸಿಮ್ ವಿಷಯವೂ ಹಾಗೇ. ಒಂದು ಸಿಮ್‌ಗೆ ಊರಲ್ಲಿ ಸಿಗ್ನಲ್, ಇನ್ನೊಂದಕ್ಕೆ ಪೇಟೆಯಲ್ಲಿ. ಆಗ ಮಾರುಕಟ್ಟೆಯ ರಾಜನಂತಿದ್ದ ನೋಕಿಯಾ ಎರಡು ಸಿಮ್‌ನ ಫೋನು ತರಲು ತಡಮಾಡಿತು. ಜನ ಅದಕ್ಕಾಗಿ ಕಾಯಲಿಲ್ಲ, ಬೇರೆ ಕಂಪನಿಗಳ ಕಡೆ ಹೋದರು.

ಆಮೇಲೆ 2014ರ ಜುಲೈ. ಶಿಯೋಮಿ ತನ್ನ ಎಂಐ 3 ಫೋನನ್ನು 13,999 ರೂಪಾಯಿಗೆ ಮಾರಾಟಕ್ಕಿಟ್ಟಿತು. ಅದೇ ಸ್ನಾಪ್‌ಡ್ರಾಗನ್ 800 ಚಿಪ್ (ಫೋನಿನ ಮಿದುಳು) ಇದ್ದ ಗೂಗಲ್‌ನ ನೆಕ್ಸಸ್ 5 ಎಂಟು ತಿಂಗಳ ಹಿಂದೆ ಬಂದಾಗ ಅದರ ಬೆಲೆ 28,999. ಅರ್ಧಕ್ಕಿಂತ ಕಡಿಮೆ! ಇನ್ನು ಮೇಲೆ ಜಾಸ್ತಿ ಬೆಲೆ ಕೇಳುವವರು ಯಾಕೆ ಜಾಸ್ತಿ ಅಂತ ಗಿರಾಕಿಗೆ ಹೇಳಲೇಬೇಕಾಯಿತು.

ನನಗೆ ಇದೆಲ್ಲಕ್ಕಿಂತ ದೊಡ್ಡದು ಕನ್ನಡದ ವಿಷಯ. ನನ್ನ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ತಂಗಿ ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಕಾಣುತ್ತಿದ್ದದ್ದು ಸಾಲು ಸಾಲು ಚೌಕಗಳು. ಎಲ್ಲೋ ಒಮ್ಮೆ ಅಕ್ಷರ ಕಂಡರೂ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿರುತ್ತಿತ್ತು. ಬಿಡುವಿನ ಹೊತ್ತಲ್ಲಿ ಕನ್ನಡ ಕೀಬೋರ್ಡ್ ಆ್ಯಪ್ ಮಾಡಿ ಪುಕ್ಕಟೆ ಹಂಚಿದ ನಮ್ಮ ಹುಡುಗರ ಋಣ ದೊಡ್ಡದು. ಆದರೆ ಆಂಡ್ರಾಯ್ಡ್‌ನ ಮೆನುವೇ ಕನ್ನಡದಲ್ಲಿ ಬರುವಂತಾದದ್ದು 2014ರಲ್ಲಿ, ಅದರ 5.0 ಆವೃತ್ತಿ ಬಂದಾಗ. 2017ರಲ್ಲಿ ಐಫೋನಿಗೂ ಕನ್ನಡ ಕೀಲಿಮಣೆ ಬಂತು. ಇಂಗ್ಲಿಷ್ ಬಾರದ ಕೋಟಿಗಟ್ಟಲೆ ಜನರಿಗೆ ಫೋನು ಮಾರಲು ಎಲ್ಲರೂ ಮುಗಿಬಿದ್ದಿದ್ದರಿಂದಲೇ ಇದು ಬೇಗ ಆಯಿತು ಎಂದು ನಾನು ನಂಬುತ್ತೇನೆ. ಒಂದೇ ಕಂಪನಿ ಇದ್ದಿದ್ದರೆ ನಾವು ಇನ್ನೂ ಚೌಕಗಳನ್ನೇ ನೋಡುತ್ತಿದ್ದೆವೇನೋ.

ವಿರೋಧ: ಅಂಗಡಿ ಬಾಗಿಲು ದಾಟಿದ ಮೇಲೆ ಪೈಪೋಟಿ ಇಲ್ಲ

ಅಮ್ಮನ ಫೋನಿಗೆ ಮೂರು ವರ್ಷವಾಗಿತ್ತು. ಮಧ್ಯಾಹ್ನದ ಹೊತ್ತಿಗೇ ಚಾರ್ಜ್ ಮುಗಿಯುತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟರು. ಅಂಟು ಸಡಿಲವಾಗಲಿ ಅಂತ. ಆಮೇಲೆ ತೆಳು ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಅಂಚಿಗೆ ತೂರಿಸಿ, ಉಸಿರು ಬಿಗಿಹಿಡಿದು ಸುತ್ತಲೂ ಎಳೆದರು. ಒಳಗೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಅದನ್ನೂ ಅಂಟು ಹಾಕಿಯೇ ಕೂರಿಸಿದ್ದರು.

‘ಒರಿಜಿನಲ್ ಸಿಗಲ್ಲ ಅಕ್ಕ. ಕಾಪಿ ಹಾಕ್ತೀನಿ. ಎಷ್ಟು ದಿನ ಬರುತ್ತೆ ಅಂತ ಹೇಳಕ್ಕಾಗಲ್ಲ’ ಅಂದರು.

ಹಿಂದೆ ನೋಕಿಯಾ ಫೋನಿನ ಮುಚ್ಚಳ ಉಗುರಲ್ಲೇ ತೆಗೆದು ಬ್ಯಾಟರಿ ಬದಲಿಸುತ್ತಿದ್ದೆವು. ನಡುವೆ ಇಷ್ಟೊಂದು ಹೊಸತನ ಬಂತು. ಇಷ್ಟು ಸುಲಭದ ಕೆಲಸ ಯಾಕೆ ಇಷ್ಟು ಕಷ್ಟವಾಯಿತು?

ನನಗೆ ಹೊಳೆದ ಕಾರಣ ಇಷ್ಟು. ಪೈಪೋಟಿ ನಡೆಯುವುದು ಕೊಳ್ಳುವ ದಿನ ಕಣ್ಣಿಗೆ ಕಾಣುವ ವಿಷಯದಲ್ಲಿ ಮಾತ್ರ. ಎಷ್ಟು ತೆಳು, ಎಷ್ಟು ಕ್ಯಾಮೆರಾ, ಎಷ್ಟು ಬೆಲೆ. ಕಡಿಮೆ ಬೆಲೆಯ ಎಷ್ಟೋ ಫೋನುಗಳ ಹಿಂದೆ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ ಕ್ಯಾಮೆರಾ ಇರುತ್ತದೆ. ಅದರಲ್ಲಿ ತೆಗೆದ ಫೋಟೊ ಯಾರಿಗೆ ತೋರಿಸಲೂ ಮನಸ್ಸು ಬರಲ್ಲ. ಡಬ್ಬದ ಮೇಲೆ ‘ನಾಲ್ಕು ಕ್ಯಾಮೆರಾ’ ಅಂತ ಬರೆಯಲು ಅದು ಬೇಕು. ಮೂರನೇ ವರ್ಷದಲ್ಲಿ ಬ್ಯಾಟರಿ ಸಿಗುತ್ತಾ ಅನ್ನೋದು ಡಬ್ಬದ ಮೇಲೆ ಕಾಣಲ್ಲ. ಕಾಣದಿದ್ದರೆ ಅದಕ್ಕಾಗಿ ಯಾರು ಪೈಪೋಟಿ ಮಾಡ್ತಾರೆ?

ಕಿತ್ತುಕೊಳ್ಳುವುದರಲ್ಲಂತೂ ಕಂಪನಿಗಳು ಒಬ್ಬರ ಹಿಂದೆ ಒಬ್ಬರು ಹೋದವು. 2020ರ ಅಕ್ಟೋಬರ್‌ನಲ್ಲಿ ಆ್ಯಪಲ್ ಐಫೋನ್ 12ರ ಡಬ್ಬದಿಂದ ಚಾರ್ಜರ್ ತೆಗೆಯಿತು. ಮೂರೇ ತಿಂಗಳಿಗೆ ಸ್ಯಾಮ್‌ಸಂಗ್ ತನ್ನ ಎಸ್21ರಲ್ಲಿ ಅದನ್ನೇ ಮಾಡಿತು. ಚಾರ್ಜರ್ ಇಟ್ಟುಕೊಂಡು ಗಿರಾಕಿಗಳನ್ನು ಸೆಳೆಯಬಹುದಿತ್ತು ಅಲ್ವಾ? ಅಗ್ಗದ ಫೋನು ಮಾರುವ ಕೆಲವರು ಇನ್ನೂ ಕೊಡುತ್ತಾರೆ, ನಿಜ. ಆದರೆ ದುಬಾರಿ ಫೋನುಗಳಲ್ಲಿ ಆ ದಾರಿ ಮುಚ್ಚುತ್ತಾ ಬಂತು.

ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು 2023ರಲ್ಲಿ ಗೂಗಲ್ ಪಿಕ್ಸೆಲ್ 8ರ ಜೊತೆ, 2024ರಲ್ಲಿ ಸ್ಯಾಮ್‌ಸಂಗ್ ಎಸ್24ರ ಜೊತೆ ಹೇಳಿದವು. ಇದು ಪೈಪೋಟಿಯ ಫಲ, ಒಪ್ಪುತ್ತೇನೆ. ಆದರೆ ಬಂದಾಗ ಎರಡೂ 75,000 ರೂಪಾಯಿ ದಾಟಿದ್ದ ಫೋನುಗಳು. ಅಮ್ಮನಂಥವರ ಕೈಗೆ ಅವು ಬರಲ್ಲ.

ಕೆಲಸ ಆದದ್ದು ಕಾನೂನಿನಿಂದ. ಬೇರೆ ಹೆಚ್ಚಿನವರು ಟೈಪ್-ಸಿ ಎಂಬ ಒಂದೇ ಬಗೆಯ ಕೇಬಲ್‌ಗೆ ಬಂದ ಮೇಲೂ ಐಫೋನಿಗೆ ತನ್ನದೇ ಕೇಬಲ್ ಇತ್ತು. ಎಲ್ಲ ಫೋನಿಗೂ ಅದೇ ಕೇಬಲ್ ಇರಬೇಕು ಎಂದು ಯುರೋಪಿಯನ್ ಯೂನಿಯನ್ 2022ರಲ್ಲಿ ಕಾನೂನು ಮಾಡಿತು. 2023ರ ಸೆಪ್ಟೆಂಬರ್‌ನಲ್ಲಿ ಐಫೋನ್ 15 ಟೈಪ್-ಸಿ ಜೊತೆ ಬಂತು. 2025ರ ಜೂನ್ 20ರಿಂದ ಅಲ್ಲಿ ಮಾರುವ ಹೊಸ ಫೋನುಗಳ ಜೊತೆ ಒಂದು ಚೀಟಿ ಇರಲೇಬೇಕು. ರಿಪೇರಿ ಎಷ್ಟು ಸುಲಭ ಎಂಬುದಕ್ಕೆ ಎ ಇಂದ ಇ ವರೆಗೆ ಗ್ರೇಡ್. ಬ್ಯಾಟರಿ ಎಷ್ಟು ಸಲ ಚಾರ್ಜ್ ತಡೆಯುತ್ತದೆ ಎಂಬ ಲೆಕ್ಕ. ಮಾರಾಟ ನಿಲ್ಲಿಸಿದ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು. ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಎಂಬ ವೆಬ್‌ಸೈಟ್ ತೆರೆಯಿತು. ಒಳ್ಳೆಯ ಕೆಲಸವೇ. ಆದರೆ ಅಮ್ಮನಿಗೆ ಬೇಕಾಗಿದ್ದು ವೆಬ್‌ಸೈಟಲ್ಲ, ಬ್ಯಾಟರಿ. ಆ ಚೀಟಿ ನಮ್ಮ ಅಂಗಡಿಗಳಲ್ಲೂ ಬೇಕು. ಗ್ರೇಡ್ ಎದುರಿಗೇ ಕಂಡರೆ ಕಂಪನಿಗಳು ಅದಕ್ಕೂ ಪೈಪೋಟಿ ಮಾಡುತ್ತವೆ.

ಕಾಪಿ ಬ್ಯಾಟರಿ ಐದು ತಿಂಗಳಿಗೆ ಸತ್ತಿತು. ಹೊಸ ಫೋನು ಕೊಳ್ಳಲು ಹೋದಾಗ ಅಂಗಡಿಯ ಹುಡುಗನನ್ನು ಕೇಳಿದೆ: ‘ಮೂರು ವರ್ಷ ಆದಮೇಲೆ ಇದರ ಬ್ಯಾಟರಿ ಸಿಗುತ್ತೇನಪ್ಪಾ?’ ಪಾಪ, ಆತ ಡಬ್ಬವನ್ನು ತಿರುಗಿಸಿ ತಿರುಗಿಸಿ ಎಲ್ಲಾ ಬದಿ ಓದಿದ. ಮೆಗಾಪಿಕ್ಸೆಲ್ ಇತ್ತು, ವ್ಯಾಟ್ ಇತ್ತು, ಜಿಬಿ ಇತ್ತು.

‘ಅದು ಬರೆದಿಲ್ಲ ಮೇಡಂ’ ಅಂದ.