ದನದ ದಾರಿ, ಹೊರೆಯ ದಾರಿ

ಪೇಟೆಯ ರಸ್ತೆಯಲ್ಲಿ ಬೆಳಗಿನ ಹೊತ್ತು ಓಡುವವನನ್ನು ಕಂಡರೆ ಜನ, ಪಾಪ, ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಅದೇ ಮನುಷ್ಯ ಕಾಡಿನ ದಾರಿಯಲ್ಲಿ ಓಡುತ್ತಿದ್ದರೆ ಯಾರೂ ಅವನ ಮುಖ ನೋಡುವುದಿಲ್ಲ. ಅವನ ಬೆನ್ನ ಹಿಂದೆ ಏನು ಬರುತ್ತಿದೆ ಎಂದು ನೋಡುತ್ತಾರೆ. ಚಿತ್ರದುರ್ಗದ ಜೋಗಿಮಟ್ಟಿಯ ತಪ್ಪಲಿನಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನನ್ನು ತಡೆದು, "ಯಾಕ್ ಸಾಮಿ ಹಿಂಗ್ ಓಡ್ತಿದೀರಿ, ಕರಡಿ ಏನಾರ ಕಂಡ್ರಾ?" ಎಂದು ಕೇಳಿದ್ದರಲ್ಲಿ ತಮಾಷೆಯ ಲೇಶವೂ ಇರಲಿಲ್ಲ. ಈ ಗುಡ್ಡಗಳಲ್ಲಿ ಕರಡಿಗಳಿವೆ, ಚಿರತೆಗಳಿವೆ, ಮತ್ತು ಇಲ್ಲಿ ನಡೆದಾಡುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ಕೆಲಸವಿದೆ. ಕೆಲಸವಿಲ್ಲದೆ ಬಂದು, ಬಂದ ಮೇಲೆ ಅವಸರವನ್ನೂ ಮಾಡುವವನು ಓಟಗಾರನೊಬ್ಬನೇ.

ಟ್ರೇಲ್ ರನ್ನಿಂಗ್ ಎಂದು ಈಗ ಹೆಸರಾಗಿರುವ ಈ ಹವ್ಯಾಸಕ್ಕೆ ಒಂದು ವಿಚಿತ್ರ ಗುಣವಿದೆ: ಅದಕ್ಕೆ ಸ್ವಂತದ ದಾರಿ ಎಂಬುದು ಇಲ್ಲವೇ ಇಲ್ಲ. ಕ್ರಿಕೆಟ್ಟಿಗೆ ಮೈದಾನ ಮಾಡುತ್ತಾರೆ, ಈಜಿಗೆ ಕೊಳ ಕಟ್ಟುತ್ತಾರೆ. ಗುಡ್ಡದ ಓಟಗಾರನು ಮಾತ್ರ ಬೇರೆ ಯಾರೋ ಬೇರೆ ಯಾವುದೋ ಉದ್ದೇಶಕ್ಕೆ ತುಳಿದಿಟ್ಟ ದಾರಿಯನ್ನು ಕಡ ಪಡೆಯುತ್ತಾನೆ. ಅಮೆರಿಕದಲ್ಲಿ ನೂರು ಮೈಲಿಯ ಬೆಟ್ಟದ ಓಟ ಹುಟ್ಟಿದ ಕಥೆಯೇ ಇದಕ್ಕೆ ಸಾಕ್ಷಿ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಸಾಲಿನಲ್ಲಿ ಕುದುರೆ ಸವಾರರಿಗಾಗಿ ಒಂದು ದಿನದಲ್ಲಿ ನೂರು ಮೈಲಿ ಕ್ರಮಿಸುವ ಪಂದ್ಯವೊಂದು ನಡೆಯುತ್ತಿತ್ತು. ಹಿಂದಿನ ವರ್ಷ ಕುದುರೆ ಕುಂಟಿದ್ದರಿಂದ ಪಂದ್ಯ ಕೈಬಿಡಬೇಕಾಗಿ ಬಂದಿದ್ದ ಗಾರ್ಡನ್ ಐನ್ಸ್‌ಲೇ ಎಂಬಾತ 1974ರಲ್ಲಿ ಕುದುರೆಯ ಗೊಡವೆಯೇ ಬೇಡವೆಂದು ಸವಾರರ ನಡುವೆ ಕಾಲ್ನಡಿಗೆಯಲ್ಲೇ ಹೊರಟು, 23 ಗಂಟೆ 42 ನಿಮಿಷಗಳಲ್ಲಿ ಗುರಿ ಮುಟ್ಟಿದ. ಇಂದು ಜಗತ್ತಿನಾದ್ಯಂತ ಹೆಸರಾಗಿರುವ ವೆಸ್ಟರ್ನ್ ಸ್ಟೇಟ್ಸ್ ಓಟ ಅಲ್ಲಿಂದ ಬೆಳೆಯಿತು. ಸಾವಿರಾರು ಮಂದಿ ಓಟಗಾರರು ಅದರ ಏರಿಳಿತಗಳನ್ನು ಶಪಿಸುತ್ತಾ ಓಡಿರಬಹುದು. ಆ ಏರಿಳಿತಗಳು ಗೊರಸಿಗೆಂದು ಆದವು, ಪಾದಕ್ಕೆಂದು ಅಲ್ಲ.

ಜೋಗಿಮಟ್ಟಿಯಲ್ಲಿಯೂ ಇದೇ ನ್ಯಾಯ. ಊರಿನ ಅಂಚಿನಿಂದಲೇ ಏಳುವ ಈ ಗುಡ್ಡಸಾಲು 2015ರಲ್ಲಿ ವನ್ಯಜೀವಿ ಧಾಮವಾಯಿತು. ಮಧ್ಯ ಕರ್ನಾಟಕದ ಊಟಿ ಎಂದು ಊರಿನವರು ಅಭಿಮಾನದಿಂದ ಕರೆಯುವುದುಂಟು. ಏಪ್ರಿಲ್ ಮಧ್ಯಾಹ್ನ ಹತ್ತಿದವರು ಹಾಗೆ ಕರೆಯಲಾರರು. ಆಡುಮಲ್ಲೇಶ್ವರದ ಕಿರು ಮೃಗಾಲಯ ದಾಟಿ, ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ ಮೇಲೆ ಹೊರಟರೆ, ಸ್ವಲ್ಪ ದಿನಗಳಲ್ಲಿ ಕಾಲಿಗೆ ಒಂದು ವಿದ್ಯೆ ಒಲಿಯುತ್ತದೆ. ಈ ದಾರಿಯನ್ನು ಮಾಡಿದವರು ಯಾರು ಎಂಬುದು ಕಣ್ಣಿಗಿಂತ ಮೊದಲು ಹಿಮ್ಮಡಿಗೆ ತಿಳಿಯುತ್ತದೆ.

ದನದ ದಾರಿ ಎಂದೂ ನೇರವಾಗಿ ಮೇಲೇರುವುದಿಲ್ಲ. ದನಗಳು ಇಳಿಜಾರಿಗೆ ಅಡ್ಡಲಾಗಿ, ಗುಡ್ಡದ ಮೈಯನ್ನು ಬಳಸಿಕೊಂಡು ಮೇಯುತ್ತವೆ. ಹೀಗಾಗಿ ಒಂದರ ಮೇಲೊಂದು, ಗೇಣಗಲದ ಹತ್ತಾರು ದಾರಿಗಳು ಸಮಾನಾಂತರವಾಗಿ ಹರಡಿಕೊಂಡಿರುತ್ತವೆ. ಓಡುವುದಕ್ಕೆ ಇಷ್ಟು ಹಿತವಾದ ದಾರಿ ಇನ್ನೊಂದಿಲ್ಲ. ಪಾದದ ಅಗಲಕ್ಕೆ ಸರಿಯಾಗಿ ಗಟ್ಟಿಯಾದ ಮಣ್ಣು, ಅಲ್ಲಲ್ಲಿ ಒಣಗಿದ ಸಗಣಿ, ಏರೂ ಇಲ್ಲ, ಇಳಿತವೂ ಇಲ್ಲ. ತೊಂದರೆ ಇಷ್ಟೇ: ಒಳ್ಳೆಯ ಹುಲ್ಲು ಸಿಕ್ಕಿದ ಜಾಗದಲ್ಲಿ ದನಗಳು ಚೆದುರುತ್ತವೆ, ದಾರಿಯೂ ಅಲ್ಲಿಯೇ ಚೆದುರಿಹೋಗುತ್ತದೆ. ದನಕ್ಕೆ ಶಿಖರದ ಹಂಬಲವಿಲ್ಲ. ಎದೆಯೆತ್ತರದ ಬಾದೆ ಹುಲ್ಲಿನ ನಡುವೆ ನಿಂತು ಮುಂದೇನು ಎಂದು ಯೋಚಿಸುವುದು ಓಟಗಾರನ ಪಾಲಿನ ಕೆಲಸ.

ಸೌದೆ ಹೊರೆಯ ದಾರಿಯದು ಬೇರೆಯೇ ಸ್ವಭಾವ. ಅದು ಸುತ್ತು ಬಳಸುವುದಿಲ್ಲ. ಗುಡ್ಡದಿಂದ ಊರಿಗೆ ಎಷ್ಟು ಬೇಗ ಇಳಿಯಬಹುದೋ ಅಷ್ಟು ಬೇಗ ಇಳಿಯುತ್ತದೆ. ತಲೆಯ ಮೇಲೆ ಹೊರೆ ಇರುವ ಹೆಂಗಸಿಗೆ ಒಂದು ಫರ್ಲಾಂಗು ಉಳಿದರೂ ಅದು ಲಾಭವೇ. ಈ ದಾರಿ ನೆಲದಲ್ಲಿ ಇಕ್ಕಟ್ಟಾಗಿದ್ದು ಮೇಲೆ ವಿಶಾಲವಾಗಿರುತ್ತದೆ. ಅಡ್ಡಡ್ಡ ಹೊತ್ತ ಕಟ್ಟಿಗೆಯ ಎರಡು ತುದಿಗಳಿಗೂ ಜಾಗ ಬೇಕಲ್ಲ. ತಲೆಯ ಮಟ್ಟದಲ್ಲಿ ಎರಡೂ ಬದಿಯ ಕೊಂಬೆಗಳನ್ನು ಕಡಿದಿರುತ್ತಾರೆ, ಕೆಳಗಿನ ಮುಳ್ಳನ್ನು ಹಾಗೆಯೇ ಬಿಟ್ಟಿರುತ್ತಾರೆ. ಕಡಿದಾದ ತಿರುವು ಮುಗಿಯುವಲ್ಲಿ, ಬಗ್ಗದೆಯೇ ಹೊರೆಯನ್ನು ಜಾರಿಸಿ ಇಡಬಹುದಾದ ಹೆಗಲೆತ್ತರದ ಬಂಡೆಯೊಂದು ಕಾಣುತ್ತದೆ. ಅದರ ನೆತ್ತಿ ಉಜ್ಜಿ ಉಜ್ಜಿ ನುಣುಪಾಗಿರುತ್ತದೆ. ಕೆಳಗಿನಿಂದ ಓಡಿ ಬರುವವನಿಗೂ ಉಸಿರು ಕಟ್ಟುವುದು ಸರಿಯಾಗಿ ಅಲ್ಲಿಯೇ. ಹೃದಯದ ಬಡಿತ ಎಣಿಸುವ ಕೈಗಡಿಯಾರಕ್ಕೆ ಸಾವಿರಾರು ರೂಪಾಯಿ ಕೊಡುವ ಮೊದಲು ಇಂಥ ಬಂಡೆಗಳನ್ನು ಗುರುತು ಹಾಕಿಕೊಂಡರೆ ಸಾಕೆಂದು ನನ್ನ ಅಭಿಪ್ರಾಯ.

ಅರಣ್ಯ ಇಲಾಖೆಯವರ ಬೆಂಕಿ ರೇಖೆಯನ್ನು ನಾನು ಆದಷ್ಟು ತಪ್ಪಿಸುತ್ತೇನೆ. ಬೇಸಿಗೆಯ ಕಾಳ್ಗಿಚ್ಚು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬದಂತೆ ಹುಲ್ಲು ಸವರಿ, ಸುಟ್ಟು ತೆರವು ಮಾಡಿದ ಈ ಪಟ್ಟಿ ಗುಡ್ಡದ ಬೆನ್ನಿನ ಮೇಲೆ ಗೆರೆ ಎಳೆದಂತೆ ಹತ್ತುತ್ತದೆ. ಬೆಂಕಿಗೆ ಏದುಸಿರು ಬರುವುದಿಲ್ಲ, ಆದ್ದರಿಂದ ಅದನ್ನು ತಡೆಯುವ ರೇಖೆಯಲ್ಲಿಯೂ ಮನುಷ್ಯನ ಮೇಲೆ ಕರುಣೆ ಕಾಣುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಸುತ್ತಲಿನ ಗುಡ್ಡಗಳಲ್ಲಿ ಗಾಳಿಯಂತ್ರಗಳಿಗಾಗಿ ಮಾಡಿದ ರಸ್ತೆ: ಲಾರಿಗಿಂತಲೂ ಉದ್ದದ ರೆಕ್ಕೆಗಳನ್ನು ಹೊತ್ತ ವಾಹನ ತಿರುಗಬೇಕಾದ್ದರಿಂದ ಅದರ ತಿರುವುಗಳು ಧಾರಾಳ, ಏರು ಸೌಮ್ಯ. ಅಲ್ಲಿ ವೇಗವಾಗಿ ಓಡಬಹುದು, ಬೇಸರವೂ ಅಷ್ಟೇ ವೇಗವಾಗಿ ಬರುತ್ತದೆ. ಇನ್ನು ಮಳೆನೀರಿನ ಕೊರಕಲು ದಾರಿಯ ವೇಷ ಹಾಕಿಕೊಂಡು ಹೊಸಬರನ್ನು ಕರೆದೊಯ್ಯುವುದರಲ್ಲಿ ನಿಸ್ಸೀಮ. ಅದರ ತಳದಲ್ಲಿ ನೊರಜುಗಲ್ಲು ಮಾತ್ರ ಇರುತ್ತದೆ, ಧೂಳಾಗಲಿ ಹೆಜ್ಜೆಗುರುತಾಗಲಿ ಇರುವುದಿಲ್ಲ ಎಂಬುದನ್ನು ಕಂಡುಕೊಂಡವರು ಮೋಸ ಹೋಗುವುದಿಲ್ಲ.

ಇಷ್ಟೆಲ್ಲ ನೆಲದ ವಿಚಾರವನ್ನೇ ಹೇಳುತ್ತಿರುವುದಕ್ಕೆ ಕಾರಣವಿದೆ. ಕಾಡಿನಲ್ಲಿ ಓಡುವವನು ಕಾಡನ್ನು ನೋಡುತ್ತಾನೆ ಎಂಬುದು ಶುದ್ಧ ಸುಳ್ಳು. ನಾಲ್ಕು ಹೆಜ್ಜೆ ಮುಂದಿನ ನೆಲವನ್ನು ಬಿಟ್ಟು ಕಣ್ಣು ಬೇರೆಡೆ ಹೋದರೆ ಹಲ್ಲು ಹೋಗುತ್ತದೆ. ನವಿಲು ಕೂಗಿದರೆ ಕೇಳಬಹುದು, ನೋಡಬೇಕೆಂದರೆ ನಿಲ್ಲಬೇಕು. ಗುಡ್ಡದ ಗಿಡಗಳ ಪರಿಚಯವೂ ಓಟಗಾರನಿಗೆ ಮೊಣಕಾಲಿನ ಕೆಳಗಿನಿಂದಲೇ ಆಗುತ್ತದೆ. ಉತ್ತರಾಣಿಯ ಬೀಜಗಳು ಕಡ್ಡಿಯ ಉದ್ದಕ್ಕೂ ಕೆಳಮುಖವಾಗಿ ಮಲಗಿರುತ್ತವೆ. ಕಾಲುಚೀಲ ತಗುಲಿದ ಕೂಡಲೇ ಸಾಲಾಗಿ ಕಳಚಿಕೊಂಡು ನೂಲಿನೊಳಗೆ ಹೊಕ್ಕುಬಿಡುತ್ತವೆ. ಕೊಡವಿದರೆ ಉದುರುವುದಿಲ್ಲ, ಕೈಯಿಂದ ಸವರಿದರೆ ಇನ್ನಷ್ಟು ಒಳಗೆ ಹೋಗುತ್ತವೆ. ಒಂದೊಂದನ್ನೇ ಉಗುರಿನಲ್ಲಿ ಹಿಡಿದು ಎಳೆದು ತೆಗೆದರೂ ಮುಳ್ಳಿನ ತುದಿ ಮುರಿದು ಒಳಗುಳಿದು, ಒಗೆದು ಒಣಗಿಸಿದ ಕಾಲುಚೀಲ ಮರುವಾರ ಹಾಕಿಕೊಂಡಾಗ ಚುಚ್ಚುತ್ತದೆ. ಬೀಜ ಪ್ರಸಾರದ ಪಾಠವನ್ನು ನಾನು ಶಾಲೆಯಲ್ಲಿ ಕಲಿತದ್ದಕ್ಕಿಂತ ಮನೆಯ ಜಗಲಿಯ ಮೇಲೆ ಕೂತು ಕಲಿತದ್ದೇ ಹೆಚ್ಚು.

ಕರಡಿಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇರುಳೆಲ್ಲ ಗೆದ್ದಲ ಹುತ್ತ ಬಗೆದು ತಿನ್ನುವ ಕರಡಿ ಬಂಡೆಗಳ ನಡುವಿನ ತನ್ನ ಗವಿಗೆ ಮರಳುವುದು ನಸುಕಿನಲ್ಲಿ. ಬಗೆಯುವುದರಲ್ಲಿ ಮುಳುಗಿದಾಗ ಅದಕ್ಕೆ ಸುತ್ತಲಿನ ಪರಿವೆ ಕಡಿಮೆ. ಹತ್ತಿರಕ್ಕೆ ಬರುವವರೆಗೂ ಮನುಷ್ಯನನ್ನು ಗಮನಿಸದೆ, ಗಮನಿಸಿದ ಕ್ಷಣದಲ್ಲಿ ಗಾಬರಿಗೊಂಡು ಮೇಲೆ ಬೀಳುತ್ತದೆ. ಮೆತ್ತನೆಯ ಅಟ್ಟೆಯ ಶೂ ಹಾಕಿಕೊಂಡು, ಸದ್ದಿಲ್ಲದೆ, ನಸುಕಿನಲ್ಲಿಯೇ, ತಿರುವಿನಲ್ಲಿ ಏಕಾಏಕಿ ಪ್ರತ್ಯಕ್ಷನಾಗುವ ಓಟಗಾರ ಅದರ ಪಾಲಿಗೆ ಎಲ್ಲರಿಗಿಂತ ಕೆಟ್ಟ ಅತಿಥಿ. ಬೆಳಕು ಚೆನ್ನಾಗಿ ಹರಿದ ಮೇಲೆಯೇ ಹೊರಡಬೇಕು, ಇಬ್ಬರಾದರೂ ಇರಬೇಕು, ತಿರುವಿಗೆ ಮೊದಲು ಸದ್ದು ಮಾಡಬೇಕು. "ಕೆಮ್ತಾ ಹೋಗಿ ಸಾರ್, ನಾವೂ ಹಂಗೇ ಹೋಗೋದು," ಎಂದು ಇಲಾಖೆಯ ವಾಚರ್ ಒಬ್ಬರು ಹೇಳಿಕೊಟ್ಟಿದ್ದಾರೆ. ಏರಿನಲ್ಲಿ ಬೇರೆ ಪ್ರಯತ್ನ ಬೇಕಾಗುವುದಿಲ್ಲ, ಕೆಮ್ಮು ತಾನಾಗಿಯೇ ಬರುತ್ತದೆ.

ಏರಿನ ಲೆಕ್ಕಾಚಾರವನ್ನು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಮತ್ತೊಂದು ಗಂಟೆ. ಅದು ನಡೆಯುವವರ ಸೂತ್ರ. ಓಡುವವರು ನೂರು ಮೀಟರ್ ಏರನ್ನು ಒಂದು ಕಿಲೋಮೀಟರ್ ಸಮತಟ್ಟಿಗೆ ಸಮ ಎಂದು ಹಿಡಿಯುತ್ತಾರೆ. ಕಡಿದಾದ ಏರಿನಲ್ಲಿ ದೊಡ್ಡ ದೊಡ್ಡ ಪಂದ್ಯಗಳ ಓಟಗಾರರೂ ತೊಡೆಯ ಮೇಲೆ ಕೈಯೂರಿಕೊಂಡು ನಡೆಯುತ್ತಾರೆ ಎಂಬುದನ್ನು ತಿಳಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಆದರೆ ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವಂತೆ ಮಾಡುವುದು ಏರಲ್ಲ, ಇಳಿತ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಯ ಭಾರವನ್ನು ತಡೆಯಬೇಕಾಗುತ್ತದೆ, ನೋವು ಹುಟ್ಟುವುದು ಅದರಿಂದ.

ದಾವಣಗೆರೆಯ ಗೆಳೆಯರ ಜೊತೆ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋದಾಗ ನೆಲದ ಈ ಪಾಂಡಿತ್ಯ ಅರ್ಧದಷ್ಟು ನಿಷ್ಪ್ರಯೋಜಕವಾಯಿತು. 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿಲೋಮೀಟರ್ ಹರಡಿದ ಈ ಕಾಡಿನೊಳಗೆ ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುತ್ತಾರೆ. ದಾವಣಗೆರೆಯ ಗದ್ದೆಗಳಿಗೆ ನಾಲೆಯಲ್ಲಿ ಬರುವ ನೀರಿನ ತವರು ಅದು. ಗೆಳೆಯರು ಅದನ್ನು ಅತ್ತೆಯ ಮನೆಗೆ ಹೋಗುವ ಸಲುಗೆಯಿಂದಲೇ ಹೊಕ್ಕರು. ಇಲ್ಲಿ ಜಲ್ಲಿ, ಧೂಳು ಯಾವುದೂ ಇಲ್ಲ. ಹುಲ್ಲುಗುಡ್ಡಗಳ ಮಡಿಲಲ್ಲಿ ಬೆಳೆಯುವ ಶೋಲಾ ಕಾಡಿನೊಳಗೆ ನೆನೆದ ಬೇರು, ಪಾಚಿಗಟ್ಟಿದ ಕಲ್ಲು, ಕೊಳೆತ ಎಲೆಯ ಮೆತ್ತೆ. ಹೊರಬಂದರೆ ಗಾಳಿಗೆ ತಲೆಬಾಗಿದ ಹುಲ್ಲುಗಾವಲು. ನಿಂತರೆ ಇಂಬಳ ಹತ್ತುತ್ತದೆ, ಓಡಿದರೆ ಜಾರುತ್ತದೆ. ಮುಳ್ಳೋಡಿಯಿಂದ 1,894 ಮೀಟರ್ ಎತ್ತರದ ಶಿಖರಕ್ಕೆ ಹೋಗುವ ದಾರಿಯೂ ಚಾರಣಿಗರಿಗಾಗಿ ಆದದ್ದಲ್ಲ: ಮೊದಲಿಗೆ ಊರವರ ಜೀಪು ದಾರಿ, ಆಮೇಲೆ ಗದ್ದೆಯಂಚು, ಹಳ್ಳ, ಒಂಟಿಮರ, ತುದಿಗೆ ಸಮೀಪಿಸಿದಾಗ ಪಾಳುಬಿದ್ದ ಹಳೆಯ ಚರ್ಚಿನ ಗೋಡೆಗಳು. ಅಲ್ಲಿಯವರೆಗೆ ಪ್ರಾರ್ಥನೆಗೆ ಹತ್ತಿದವರ ಮೊಣಕಾಲು ಎಂಥದಿದ್ದೀತು!

ಉದ್ಯಾನದೊಳಗೆ ಹೋಗಲು ಇಲಾಖೆಯ ಅನುಮತಿ ಬೇಕು, ಮಾರ್ಗದರ್ಶಿ ಜೊತೆಗಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಯಾವ ಯಾವ ಉದ್ದೇಶಗಳಿಗೆ ಪ್ರವೇಶ ಕೊಡಬಹುದೆಂದು ಪಟ್ಟಿ ಮಾಡಿದೆ: ವನ್ಯಜೀವಿಗಳ ಅಧ್ಯಯನ, ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರೊಂದಿಗೆ ನ್ಯಾಯಸಮ್ಮತ ವ್ಯವಹಾರ ಇತ್ಯಾದಿ. ಓಟದ ಪ್ರಸ್ತಾಪ ಅದರಲ್ಲಿಲ್ಲ. ಓಟಗಾರನು ಪ್ರವಾಸಿಯ ಹೆಸರಿನಲ್ಲಿ ಒಳಗೆ ಹೋಗಿ ಪ್ರವಾಸಿಯಂತೆಯೇ ವರ್ತಿಸಬೇಕು, ಇದು ಸರಿಯಾದದ್ದೇ ಎಂದು ನನ್ನ ಭಾವನೆ. ನೂರಾರು ಜನ ಸಂಖ್ಯೆ ಅಂಟಿಸಿಕೊಂಡು ನುಗ್ಗುವುದಕ್ಕೆ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟಗಳಿವೆ, ಅಲ್ಲಿ ಅಂಥ ಪಂದ್ಯಗಳು ನಡೆಯುತ್ತಲೂ ಇವೆ. ಸಿಂಗಳೀಕದ ಮನೆಯೊಳಗೆ ಆ ಗದ್ದಲ ಬೇಡ. ನಮ್ಮ ಮಾರ್ಗದರ್ಶಿಯವರಿಗೆ ಓಡುವ ಆಸೆಯನ್ನು ತಿಳಿಸಿದಾಗ ಅವರು, "ನೀವು ಓಡಿ ಮಾರಾಯ್ರೆ, ಆದ್ರೆ ನನ್ನ ಹಿಂದೆಯೇ ಓಡ್ಬೇಕು," ಎಂದು ಶರತ್ತು ಹಾಕಿದರು. ಹವಾಯಿ ಚಪ್ಪಲಿಯ ಅವರ ನಡಿಗೆಯ ಹಿಂದೆ ನಾವು ಶಿಖರದವರೆಗೂ ಓಡುತ್ತಲೇ ಹೋದೆವು, ಶರತ್ತನ್ನು ಮುರಿಯುವ ಸಂದರ್ಭವೇ ಬರಲಿಲ್ಲ.

ಇತ್ತ ಜೋಗಿಮಟ್ಟಿಯಲ್ಲಿ ದಾರಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿವೆ. ಹಳ್ಳಿಗಳಿಗೆ ಅಡುಗೆ ಅನಿಲ ಬಂದಿದೆ, ಧಾಮವಾದ ಮೇಲೆ ಸೌದೆಗೆ ಹೋಗುವವರೂ ಕಡಿಮೆಯಾಗಿದ್ದಾರೆ. ಹೆಂಗಸರ ಸೊಂಟಕ್ಕೂ ಕಾಡಿಗೂ ಇದು ಒಳ್ಳೆಯ ಸುದ್ದಿ, ಅದರ ಬಗ್ಗೆ ಎರಡು ಮಾತಿಲ್ಲ. ಹೊರೆಯ ದಾರಿಯಲ್ಲಿ ತಲೆಮಟ್ಟದ ಕೊಂಬೆಗಳನ್ನು ಕಡಿಯುವವರಿಲ್ಲದೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಂದರಿಕೆ ಮತ್ತು ಲಂಟಾನ ಕೈಕೈ ಹಿಡಿದುಕೊಂಡುಬಿಡುತ್ತವೆ. ವಾರಕ್ಕೊಮ್ಮೆ ಬರುವ ನಾಲ್ಕು ಜೊತೆ ಶೂಗಳಿಂದ ದಾರಿ ಉಳಿಯುವುದಿಲ್ಲ. ಅದಕ್ಕೆ ದಿನದಿನದ ಅಗತ್ಯವೇ ಬೇಕು. ಈ ಸಲ ಮಳೆ ನಿಂತ ಮೇಲೆ ನಾವು ಮೂರನೆಯ ಹೊರೆಬಂಡೆಯವರೆಗೆ ಹೋಗಿ, ಅಲ್ಲಿಂದ ಮುಂದೆ ತೂರಲು ಸಂದಿಯಿಲ್ಲದೆ ಎಡಕ್ಕೆ ಹೊರಳಿ ದನದ ದಾರಿ ಹಿಡಿದು ಜೀಪು ರಸ್ತೆ ಸೇರಿದೆವು. ಇನ್ನು ಮುಂದೆ ನಮ್ಮ ಓಟದ ಮಾರ್ಗ ಅದೇ.