ಹಿತ್ತಲ ಬಾಗಿಲಿನಿಂದ ಬಂದ ಗೌರವ

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿರುವ, ರಾಕ್ ಸಂಗೀತಗಾರರನ್ನು ಗೌರವಿಸುವ ಸಂಸ್ಥೆಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಯಾರನ್ನು ಸೇರಿಸಿಕೊಂಡರು, ಯಾರನ್ನು ಕೈಬಿಟ್ಟರು ಎಂಬ ಚರ್ಚೆ ಪ್ರತಿವರ್ಷವೂ ಸಂಗೀತಪ್ರಿಯರ ನಡುವೆ ಏಳುತ್ತದೆ, ಒಂದೆರಡು ವಾರ ಬಿಸಿಯಾಗಿದ್ದು ತಣ್ಣಗಾಗುತ್ತದೆ. ಬೆಂಗಳೂರಿನಲ್ಲಿ ರಾಕ್ ಕೇಳುತ್ತ ಬಂದ ನಮ್ಮಂಥವರಿಗೂ ಇದು ಪರರ ಮನೆಯ ವಿಷಯವೇನಲ್ಲ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಸಾವಿರಾರು ಜನರ ಮುಂದೆ ನುಡಿಸಿ ಹೋದ ಐರನ್ ಮೇಡನ್ ತಂಡ ತನ್ನ ಮೊದಲ ಆಲ್ಬಮ್ ತಂದದ್ದು 1980ರಲ್ಲಿ. ಹಾಲ್ ಆಫ್ ಫೇಮ್‌ನ ಮತಪತ್ರದಲ್ಲಿ ಅದರ ಹೆಸರು ಮೊದಲ ಸಲ ಕಾಣಿಸಿದ್ದು 2021ರಲ್ಲಿ, ಆ ವರ್ಷ ಅದು ಆಯ್ಕೆಯಾಗಲೂ ಇಲ್ಲ. ಆದರೆ ಹೊರಗುಳಿದವರ ಪಟ್ಟಿಯನ್ನು ಎಲ್ಲರೂ ಮಾಡುತ್ತಾರೆ. ನಾನು ಬರೆಯಹೊರಟಿರುವುದು ಬಹಳ ತಡವಾಗಿ, ಹೆಬ್ಬಾಗಿಲನ್ನು ಬಿಟ್ಟು ಹಿತ್ತಲ ಬಾಗಿಲಿನಿಂದ ಒಳಗೆ ಕರೆಸಿಕೊಂಡವರ ಬಗ್ಗೆ. ಏಕೆಂದರೆ ಈ ಸಂಸ್ಥೆಯ ಅನ್ಯಾಯ ಅಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ನಂಬಿಕೆ.

ಆಯ್ಕೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅಟ್ಲಾಂಟಿಕ್ ರೆಕಾರ್ಡ್ಸ್‌ನ ಆಹ್ಮೆಟ್ ಎರ್ಟೆಗುನ್ ಮುಂದಾಳತ್ವದಲ್ಲಿ 1983ರಲ್ಲಿ ಪ್ರತಿಷ್ಠಾನ ಆರಂಭವಾಗಿ, 1986ರಲ್ಲಿ ಮೊದಲ ಗುಂಪಿನ ಕಲಾವಿದರು ಸೇರ್ಪಡೆಯಾದರು. ಕಲಾವಿದರ ಮೊದಲ ಧ್ವನಿಮುದ್ರಿಕೆ ಮಾರುಕಟ್ಟೆಗೆ ಬಂದು 25 ವರ್ಷ ಕಳೆದ ಮೇಲೆ ಅವರು ಅರ್ಹರಾಗುತ್ತಾರೆ. ಒಂದು ಚಿಕ್ಕ ಸಮಿತಿ ಮುಚ್ಚಿದ ಕೋಣೆಯಲ್ಲಿ ಕುಳಿತು ಆ ವರ್ಷದ ಹೆಸರುಗಳನ್ನು ಆರಿಸುತ್ತದೆ. ಅವು ಕಲಾವಿದರು, ಇತಿಹಾಸಕಾರರು, ಉದ್ಯಮದವರು ಸೇರಿ ಸಾವಿರಕ್ಕೂ ಹೆಚ್ಚು ಮತದಾರರಿಗೆ ಹೋಗುತ್ತವೆ. ಹೆಬ್ಬಾಗಿಲು ಎಂದದ್ದು ಇದನ್ನೇ. ಇದರ ಜೊತೆಗೆ ಪ್ರಭಾವ ಬೀರಿದವರಿಗೆಂದು ಒಂದು, ಸಂಗೀತದ ಶ್ರೇಷ್ಠತೆಗೆಂದು ಇನ್ನೊಂದು ವಿಶೇಷ ವಿಭಾಗಗಳಿವೆ. ಇವುಗಳಿಗೆ ಆ ಸಾವಿರ ಜನರ ಮತ ಬೇಕಿಲ್ಲ, ಸಮಿತಿಯೇ ತೀರ್ಮಾನಿಸುತ್ತದೆ.

ಈಗ ಬಿಗ್ ಮಾಮಾ ಥಾರ್ನ್‌ಟನ್ ಅವರ ಕಥೆ ಕೇಳಿ. ಅಲಬಾಮಾದಲ್ಲಿ 1926ರಲ್ಲಿ ಹುಟ್ಟಿದ ಈಕೆ 1952ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಹೌಂಡ್ ಡಾಗ್’ ಹಾಡನ್ನು ಧ್ವನಿಮುದ್ರಿಸಿದರು. ಮರುವರ್ಷ ಬಿಡುಗಡೆಯಾದ ಆ ಹಾಡು ಬಿಲ್‌ಬೋರ್ಡ್‌ನ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿ ಏಳು ವಾರ ಇತ್ತು. 1956ರಲ್ಲಿ ಎಲ್ವಿಸ್ ಪ್ರೀಸ್ಲಿ ಅದನ್ನೇ ಹಾಡಿದ ಮೇಲೆ ಲೋಕಕ್ಕೆಲ್ಲ ಅದು ಎಲ್ವಿಸ್ ಹಾಡಾಯಿತು. ಆ ಹಾಡಿನಿಂದ ತನ್ನ ಕೈಗೆ ಬಂದದ್ದು 500 ಡಾಲರ್ ಎಂದು ಥಾರ್ನ್‌ಟನ್ ಹೇಳಿಕೊಂಡಿದ್ದರು. ಆಕೆಯೇ ಬರೆದ ‘ಬಾಲ್ ಅಂಡ್ ಚೈನ್’ ಮುಂದೆ ಜಾನಿಸ್ ಜಾಪ್ಲಿನ್ ಕಂಠದಲ್ಲಿ ಪ್ರಸಿದ್ಧವಾಯಿತು. ಇನ್ನು ಹಾಲ್ ಆಫ್ ಫೇಮ್‌ನ ಲೆಕ್ಕ ನೋಡೋಣ. ಎಲ್ವಿಸ್ ಸೇರಿದ್ದು 1986ರಲ್ಲಿ, ಮೊದಲ ಗುಂಪಿನಲ್ಲೇ. ‘ಹೌಂಡ್ ಡಾಗ್’ ಬರೆದ ಜೆರಿ ಲೈಬರ್ ಮತ್ತು ಮೈಕ್ ಸ್ಟೋಲರ್ ಸೇರಿದ್ದು 1987ರಲ್ಲಿ. ಜಾಪ್ಲಿನ್ ಸೇರಿದ್ದು 1995ರಲ್ಲಿ. ಹಾಡನ್ನು ಬರೆದವರು, ಅದನ್ನು ಆಮೇಲೆ ಹಾಡಿದವರು, ಈಕೆಯ ಇನ್ನೊಂದು ಹಾಡನ್ನು ಹಾಡಿದವರು ಎಲ್ಲರೂ ಒಳಗೆ ಹೋಗಿ ದಶಕಗಳು ಕಳೆದ ಮೇಲೆ, 2024ರಲ್ಲಿ ಥಾರ್ನ್‌ಟನ್ ಹೆಸರು ಸೇರಿತು, ಅದೂ ಪ್ರಭಾವದ ವಿಭಾಗದಲ್ಲಿ. ಆಕೆ 1984ರಲ್ಲಿ ಲಾಸ್ ಏಂಜಲೀಸ್‌ನ ಒಂದು ಬೋರ್ಡಿಂಗ್ ಹೌಸ್‌ನಲ್ಲಿ ತೀರಿಕೊಂಡು ಆಗಲೇ ನಲವತ್ತು ವರ್ಷಗಳಾಗಿದ್ದವು. ವೇದಿಕೆಯ ಮೇಲೆ ನಿಂತು ಜೀವಮಾನವಿಡೀ ಹಾಡಿದವಳನ್ನು ಗಾಯಕಿ ಎಂದು ಕರೆಯದೆ, ಗಾಯಕರ ಮೇಲೆ ಪ್ರಭಾವ ಬೀರಿದವಳು ಎಂದು ಕರೆಯುವುದರಲ್ಲಿ ಯಾವ ನ್ಯಾಯವಿದೆ?

ಸಿಸ್ಟರ್ ರೊಸೆಟಾ ಥಾರ್ಪ್ ಅವರದು ಇನ್ನೂ ಹಿಂದಿನ ಕಾಲ. ಚರ್ಚಿನ ಭಕ್ತಿಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿದ ಕಪ್ಪು ಮಹಿಳೆ ಆಕೆ. 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಹಳೆಯ ರೈಲು ನಿಲ್ದಾಣವೊಂದರಲ್ಲಿ ದೂರದರ್ಶನಕ್ಕಾಗಿ ನಡೆದ ಆಕೆಯ ಕಾರ್ಯಕ್ರಮದ ಚಿತ್ರಣ ಇಂದಿಗೂ ನೋಡಲು ಸಿಗುತ್ತದೆ, ನೋಡದವರು ದಯವಿಟ್ಟು ಹುಡುಕಿ ನೋಡಿ. ಹಳಿಗಳ ಈಚೆ ಪ್ಲಾಟ್‌ಫಾರಂನಲ್ಲಿ ಯುವಜನ ಕುಳಿತಿದ್ದಾರೆ, ಆಚೆ ಪ್ಲಾಟ್‌ಫಾರಂಗೆ ಕುದುರೆಗಾಡಿಯಲ್ಲಿ ಬಂದಿಳಿದ ಥಾರ್ಪ್, ಮೇಲಂಗಿ ತೊಟ್ಟು, ಬಿಳಿ ಗಿಟಾರನ್ನು ಹೆಗಲಿಗೇರಿಸಿಕೊಂಡು, ಮಳೆ ಬಂದದ್ದನ್ನು ಕಂಡು ಮಳೆಯ ಹಾಡನ್ನೇ ಎತ್ತಿಕೊಳ್ಳುತ್ತಾರೆ. ಆ ಬೆರಳುಗಳ ಓಟವನ್ನು ಒಮ್ಮೆ ಕಂಡವರಿಗೆ ರಾಕ್ ಸಂಗೀತ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಮುಂದೆ ರಾಕ್ ತಾರೆಯಾದ ಹುಡುಗ ಲಿಟಲ್ ರಿಚರ್ಡ್‌ನನ್ನು 1947ರಲ್ಲಿ ತಮ್ಮ ವೇದಿಕೆಗೆ ಕರೆದು ಹಾಡಿಸಿದವರು ಇವರೇ. ಜಾನಿ ಕ್ಯಾಶ್ ತಮ್ಮ ಹಾಲ್ ಆಫ್ ಫೇಮ್ ಭಾಷಣದಲ್ಲಿ ಬಾಲ್ಯದ ಮೆಚ್ಚಿನ ಗಾಯಕಿ ಎಂದು ಇವರನ್ನೇ ನೆನೆದರು. ಲಿಟಲ್ ರಿಚರ್ಡ್ ಸೇರ್ಪಡೆಯಾದದ್ದು 1986, ಜಾನಿ ಕ್ಯಾಶ್ 1992, ಥಾರ್ಪ್ 2018. ಅಂದರೆ ಆ ಭಾಷಣವನ್ನು ಕೇಳಿಸಿಕೊಂಡ ಸಂಸ್ಥೆಯೇ ಇನ್ನೂ ಇಪ್ಪತ್ತಾರು ವರ್ಷ ಸುಮ್ಮನಿತ್ತು. 1973ರಲ್ಲಿ ತೀರಿಕೊಂಡ ಆಕೆಯ ಸಮಾಧಿಗೆ ಫಿಲಡೆಲ್ಫಿಯಾದಲ್ಲಿ ದಶಕಗಳ ಕಾಲ ಹೆಸರಿನ ಕಲ್ಲೂ ಇರಲಿಲ್ಲ. ರಾಕ್ ಹುಟ್ಟುವ ಮೊದಲೇ ಹಾಡಲು ಆರಂಭಿಸಿದವರಾದ್ದರಿಂದ ಪ್ರಭಾವದ ವಿಭಾಗ ಆಕೆಗೆ ಒಪ್ಪುತ್ತದೆ ಎಂದು ವಾದಿಸಬಹುದು, ಅದನ್ನು ನಾನು ಒಪ್ಪುತ್ತೇನೆ ಕೂಡ. ಹಾಗಿದ್ದರೆ ಅದೇ ವಿಭಾಗದಲ್ಲಿ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಅವರನ್ನು ಸೇರಿಸಿದ 1986ರಲ್ಲೇ ಆಕೆಯನ್ನೂ ಸೇರಿಸಲು ಏನು ಅಡ್ಡಿಯಿತ್ತು?

ಆ ವಿಭಾಗ ಹುಟ್ಟಿದ್ದು ರಾಕ್‌ಗಿಂತ ಮುಂಚಿನವರಿಗಾಗಿ. ಅದು ಮುಂದೆ ಏನಾಯಿತು ನೋಡಿ. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ ಮೊದಲ ಆಲ್ಬಮ್ ಬಂದದ್ದು 1970ರಲ್ಲಿ, ಬೀಟಲ್ಸ್ ಚದುರಿದ ವರ್ಷ. ಮತದಾನದಲ್ಲಿ ಮತ್ತೆ ಮತ್ತೆ ಸೋತ ಆ ತಂಡವನ್ನು 2021ರಲ್ಲಿ ‘ಆರಂಭಕಾಲದ ಪ್ರಭಾವ’ ಎಂಬ ಹೆಸರಿನಲ್ಲಿ ಸೇರಿಸಿಕೊಂಡರು. ಅದೇ ವರ್ಷ ರ‍್ಯಾಪರ್ ಎಲ್ ಎಲ್ ಕೂಲ್ ಜೆ, ಮರುವರ್ಷ ಹೆವಿ ಮೆಟಲ್ ತಂಡ ಜೂಡಸ್ ಪ್ರೀಸ್ಟ್, ಇಬ್ಬರೂ ಹಲವು ಸಲ ಮತಪತ್ರದಲ್ಲಿದ್ದು ಗೆಲ್ಲಲಾಗದೆ, ಶ್ರೇಷ್ಠತೆಯ ವಿಭಾಗದಿಂದ ಬಂದರು. 2025ರಲ್ಲಿ ಸಾಲ್ಟ್-ಎನ್-ಪೆಪಾ. 1986ರಲ್ಲಿ ಮೊದಲ ಆಲ್ಬಮ್ ತಂದ ಈ ಮಹಿಳಾ ರ‍್ಯಾಪ್ ತಂಡವೂ ಪ್ರಭಾವದ ಲೆಕ್ಕಕ್ಕೇ ಹೋಯಿತು. ಇವರೆಲ್ಲ ಅರ್ಹರು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಅರ್ಹರೆಂದು ಸಮಿತಿಗೂ ಗೊತ್ತಿತ್ತು. ಮತದಾರರು ಸರಿಯಾಗಿ ಆರಿಸುತ್ತಿಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದೂ ಮತದಾನದ ಕ್ರಮವನ್ನು ತಿದ್ದದೆ, ಅದರ ತೀರ್ಪನ್ನು ಸದ್ದಿಲ್ಲದೆ ಬದಿಗಿಟ್ಟು ಹೆಸರುಗಳನ್ನು ಸೇರಿಸುತ್ತ ಹೋದರು.

ಶೀಕ್ ತಂಡಕ್ಕಾದದ್ದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠೋರವಾದದ್ದು. ಗಿಟಾರ್ ವಾದಕ ನೈಲ್ ರಾಜರ್ಸ್ ಮತ್ತು ಬೇಸ್ ಗಿಟಾರ್ ವಾದಕ ಬರ್ನಾರ್ಡ್ ಎಡ್ವರ್ಡ್ಸ್ ಸೇರಿ ಕಟ್ಟಿದ ಈ ತಂಡದ ಹೆಸರು ಹನ್ನೊಂದು ಸಲ ಮತಪತ್ರದಲ್ಲಿ ಬಂತು, ಹನ್ನೊಂದು ಸಲವೂ ಬಿದ್ದುಹೋಯಿತು. ಕೊನೆಗೆ 2017ರಲ್ಲಿ ರಾಜರ್ಸ್ ಒಬ್ಬರನ್ನೇ ಶ್ರೇಷ್ಠತೆಯ ವಿಭಾಗದಲ್ಲಿ ಸೇರಿಸಿದರು. 1996ರಲ್ಲಿ ತೀರಿಕೊಂಡಿದ್ದ ಎಡ್ವರ್ಡ್ಸ್ ಹೊರಗೇ ಉಳಿದರು, ಡ್ರಮ್ಸ್ ನುಡಿಸಿದ ಟೋನಿ ಥಾಂಪ್ಸನ್ ಕೂಡ. 1979ರ ‘ಗುಡ್ ಟೈಮ್ಸ್’ ಹಾಡಿನಲ್ಲಿ ಎಡ್ವರ್ಡ್ಸ್ ನುಡಿಸಿದ ಬೇಸ್ ಸಾಲನ್ನೇ ಆಧಾರವಾಗಿಟ್ಟುಕೊಂಡು ಅದೇ ವರ್ಷ ‘ರ‍್ಯಾಪರ್ಸ್ ಡಿಲೈಟ್’ ಬಂತು, ಹಿಪ್‌ಹಾಪ್ ಮನೆಮನೆಗೆ ತಲುಪಿದ್ದು ಆ ಹಾಡಿನಿಂದ. ಸಂಗೀತದ ಒಂದು ಇಡೀ ಪ್ರಕಾರಕ್ಕೆ ನೆಲಗಟ್ಟು ಹಾಕಿದ ಬೆರಳುಗಳವು. ಜೊತೆಯಾಗಿ ನುಡಿಸಿದವರಲ್ಲಿ ಒಬ್ಬರನ್ನು ಎತ್ತಿ ಗೌರವಿಸಿ ಉಳಿದವರನ್ನು ಮರೆತರೆ, ಗೌರವ ಪಡೆದವರಿಗೂ ಅದು ಪೂರ್ತಿ ದಕ್ಕುವುದಿಲ್ಲ.

ಸ್ಟುಡಿಯೋಗಳಲ್ಲಿ ಬೇರೆಯವರ ಹಾಡುಗಳಿಗೆ ನುಡಿಸಿದ ವಾದಕರಿಗಾಗಿ 2000ದಲ್ಲಿ ಒಂದು ವಿಭಾಗ ಮಾಡಿದರು, ಅದೇ ಮುಂದೆ ಶ್ರೇಷ್ಠತೆಯ ವಿಭಾಗವಾಯಿತು. ಡ್ರಮ್ಸ್ ವಾದಕ ಹಾಲ್ ಬ್ಲೇನ್ ಆ ಮೊದಲ ವರ್ಷವೇ ಬಂದರು. ಅವರ ಜೊತೆಗೇ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ವರ್ಷಗಟ್ಟಲೆ ಬೇಸ್ ನುಡಿಸಿದ ಕ್ಯಾರಲ್ ಕೇ ಅವರನ್ನು ಕರೆದದ್ದು 2025ರಲ್ಲಿ, ಆಕೆಗೆ 90 ತುಂಬಿದ ವರ್ಷ. ಸ್ಟುಡಿಯೋ ವಾದಕರ ಕೆಲಸವನ್ನು ಈ ಗೌರವ ಸರಿಯಾಗಿ ಬಿಂಬಿಸುವುದಿಲ್ಲ ಎಂದು ಹೇಳಿ ಆಕೆ ಅದನ್ನು ನಿರಾಕರಿಸಿದರು. ನನಗೆ ಆಕೆಯ ನಿರಾಕರಣೆ ಪೂರ್ತಿ ಅರ್ಥವಾಗುತ್ತದೆ. ಪಕ್ಕವಾದ್ಯದವರ ಮರ್ಯಾದೆಯ ಪ್ರಶ್ನೆ ನಮ್ಮವರಿಗೂ ಹೊಸದಲ್ಲ. ನಮ್ಮ ತಿರುಮಕೂಡಲಿನ ಚೌಡಯ್ಯನವರು ಬಾಳಿನ ಬಹುಭಾಗ ಗಾಯಕರ ಪಕ್ಕದಲ್ಲಿ ಕುಳಿತು ಪಿಟೀಲು ನುಡಿಸಿದವರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಕೊಟ್ಟದ್ದು ಮುಖ್ಯ ಗಾಯಕರಿಗೆ ಕೊಡುವ ಅದೇ ಸಂಗೀತ ಕಲಾನಿಧಿ ಬಿರುದು, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದಲ್ಲ. ಮೃದಂಗದವರು ಮಾತ್ರ 1966ರವರೆಗೆ, ಪಾಲ್ಘಾಟ್ ಮಣಿ ಅಯ್ಯರ್ ಅವರಿಗೆ ಆ ಬಿರುದು ಬರುವವರೆಗೆ, ಕಾಯಬೇಕಾಯಿತು ಎಂಬುದನ್ನೂ ಹೇಳಲೇಬೇಕು.

ಯಾವ ವಿಭಾಗದಿಂದ ಬಂದರೂ ಬಂದವರೆಲ್ಲ ಸಮಾನರು ಎಂಬುದು ಹಾಲ್ ಆಫ್ ಫೇಮ್‌ನ ನಿಲುವು. ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಸಿಕ್ಕಿತಲ್ಲ ಎನ್ನುವ ಸ್ನೇಹಿತರೂ ನನಗಿದ್ದಾರೆ. ಅವರಿಗೆ ಅಮೆರಿಕದ್ದೇ ಇನ್ನೊಂದು ಪ್ರಸಂಗ ಹೇಳಬಯಸುತ್ತೇನೆ. ಕಪ್ಪು ಆಟಗಾರರನ್ನು ಬೇಸ್‌ಬಾಲ್‌ನ ಮುಖ್ಯ ಲೀಗ್‌ಗಳಿಂದ ದಶಕಗಳ ಕಾಲ ಹೊರಗಿಟ್ಟಿದ್ದರು. 1971ರಲ್ಲಿ ಸ್ಯಾಚೆಲ್ ಪೇಜ್ ಎಂಬ ಮಹಾನ್ ಆಟಗಾರನನ್ನು ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸುವಾಗ, ನೀಗ್ರೋ ಲೀಗ್ ಆಟಗಾರರಿಗೆ ಪ್ರತ್ಯೇಕ ವಿಭಾಗ ಮಾಡುವುದಾಗಿ ಮೊದಲು ಪ್ರಕಟಿಸಿದರು. ಬದುಕಿನಲ್ಲಿ ಬೇರೆ ಇಟ್ಟವರನ್ನು ಗೌರವದಲ್ಲೂ ಬೇರೆ ಇಡುತ್ತೀರಾ ಎಂದು ಜನ ಸಿಟ್ಟಾದರು. ಸಂಸ್ಥೆ ಮಣಿಯಿತು, ಪೇಜ್ ಎಲ್ಲರ ಸಾಲಿನಲ್ಲೇ ಪೂರ್ಣ ಸದಸ್ಯರಾದರು. ಪ್ರತ್ಯೇಕ ವಿಭಾಗವೂ ಸಮಾನವೇ ಎಂಬ ಸಮಾಧಾನವನ್ನು ಅಂದು ಯಾರೂ ಒಪ್ಪಲಿಲ್ಲ.

ಹೆಬ್ಬಾಗಿಲು ಯಾರಿಗೆ ಕಿರಿದಾಗುತ್ತದೆ ಎಂಬುದು ಆಕಸ್ಮಿಕವೂ ಅಲ್ಲ. 1986ರ ಮೊದಲ ಗುಂಪಿನ ಪ್ರದರ್ಶಕರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ, ಅರೀಥಾ ಫ್ರಾಂಕ್ಲಿನ್ ಬಂದದ್ದು ಮರುವರ್ಷ. 2019ರಲ್ಲಿ ವಿಮರ್ಶಕಿ ಇವ್‌ಲಿನ್ ಮೆಕ್‌ಡೊನೆಲ್ ಎಲ್ಲ ಹೆಸರುಗಳನ್ನು ಎಣಿಸಿದಾಗ ಸೇರ್ಪಡೆಯಾದವರಲ್ಲಿ ಮಹಿಳೆಯರು ಶೇಕಡಾ 8ಕ್ಕಿಂತ ಕಡಿಮೆ ಇದ್ದರು. ಸೇರ್ಪಡೆಯಾದವರಿಗೆಲ್ಲ ಮುಂದೆ ಮತದಾನದ ಹಕ್ಕು ಸಿಗುವುದರಿಂದ, ಮೊದಲು ತುಂಬಿಕೊಂಡವರೇ ಮುಂದಿನವರನ್ನು ಆರಿಸುತ್ತ ಬಂದರು. ಸ್ಥಾಪಕರಲ್ಲೊಬ್ಬರಾದ ಜಾನ್ ವೆನ್ನರ್, ಮಹಿಳೆಯರೂ ಕಪ್ಪು ಕಲಾವಿದರೂ ತಮ್ಮ ಸಂದರ್ಶನ ಸಂಕಲನಕ್ಕೆ ಬೇಕಾದ ಮಟ್ಟದಲ್ಲಿ ಮಾತನಾಡಬಲ್ಲವರಾಗಿರಲಿಲ್ಲ ಎಂಬರ್ಥದ ಮಾತನ್ನು 2023ರಲ್ಲಿ ಪತ್ರಿಕೆಗೆ ಹೇಳಿ, ಆಡಳಿತ ಮಂಡಳಿಯಿಂದ ಹೊರಬೀಳಬೇಕಾಯಿತು. ಅವರನ್ನು ತೆಗೆದದ್ದು ಸರಿಯಾದ ಕ್ರಮ. ಆದರೆ ಅದಕ್ಕೂ ಹಿಂದಿನ ಮೂರೂವರೆ ದಶಕಗಳ ಆಯ್ಕೆಗಳು ಹಾಗೆಯೇ ಉಳಿದಿವೆ.

ಅಭಿಮಾನಿಗಳ ಮತವೇ ಪರಿಹಾರ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2020ರಲ್ಲಿ ಡೇವ್ ಮ್ಯಾಥ್ಯೂಸ್ ಬ್ಯಾಂಡ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಅಭಿಮಾನಿಗಳ ಮತ ಬಿದ್ದರೂ ಆ ವರ್ಷ ಅದು ಆಯ್ಕೆಯಾಗಲಿಲ್ಲ, ಏಕೆಂದರೆ ಅಭಿಮಾನಿಗಳ ಮತವೆಲ್ಲ ಸೇರಿ ಒಂದೇ ಮತಪತ್ರವೆಂದು ಎಣಿಕೆಯಾಗುತ್ತದೆ. ಇದು ಜನರಿಗೆ ತೋರಿದ ಅಗೌರವ, ನಿಜ. ಆದರೂ ಜನಪ್ರಿಯತೆಗೆ ಮಾರುಕಟ್ಟೆ ಆಗಲೇ ಬೆಲೆ ಕೊಟ್ಟಿರುತ್ತದೆ. ಥಾರ್ನ್‌ಟನ್‌ಗೆ, ಎಡ್ವರ್ಡ್ಸ್‌ಗೆ ಇಂದು ಲಕ್ಷಗಟ್ಟಲೆ ಮತ ಹಾಕುವ ಅಭಿಮಾನಿಗಳು ಎಲ್ಲಿಂದ ಬರಬೇಕು?

ಆಗಬೇಕಾದದ್ದು ಬೇರೆ. ಬೇಸ್‌ಬಾಲ್‌ನವರು ಯಾರಿಗೆ ಎಷ್ಟು ಮತ ಬಿತ್ತೆಂದು ಪ್ರತಿವರ್ಷ ಪ್ರಕಟಿಸುತ್ತಾರೆ, ಇವರೂ ಪ್ರಕಟಿಸಲಿ. ಮತಪತ್ರದಲ್ಲಿ ಸೋತವರನ್ನು ಸಮಿತಿ ಬೇರೆ ವಿಭಾಗಕ್ಕೆ ಸಾಗಿಸುವುದಾದರೆ, ಏಕೆ ಎಂಬುದನ್ನು ಬರೆದು ಸಹಿ ಹಾಕಲಿ. ಪ್ರಭಾವದ ವಿಭಾಗ ರಾಕ್‌ಗಿಂತ ಮುಂಚಿನವರಿಗಷ್ಟೇ ಮೀಸಲಾಗಲಿ. ಇದೆಲ್ಲಕ್ಕಿಂತ ಮುಖ್ಯವಾಗಿ, ಸಂಸ್ಥೆ ತಾನೇ ಒಮ್ಮೆ ಮಾಡಿದ ಒಳ್ಳೆಯ ಕೆಲಸವನ್ನು ಮತ್ತೆ ಮಾಡಲಿ. ಸ್ಮೋಕಿ ರಾಬಿನ್ಸನ್ ಅವರನ್ನು 1987ರಲ್ಲಿ ಒಬ್ಬರನ್ನೇ ಸೇರಿಸಿ, ಅವರ ಮಿರಕಲ್ಸ್ ತಂಡವನ್ನು ಹೊರಗಿಟ್ಟಿದ್ದರು. ಜೇಮ್ಸ್ ಬ್ರೌನ್ ಅವರ ಫೇಮಸ್ ಫ್ಲೇಮ್ಸ್, ಬಡಿ ಹಾಲಿ ಅವರ ಕ್ರಿಕೆಟ್ಸ್ ತಂಡಗಳಿಗೂ ಹೀಗೇ ಆಗಿತ್ತು. 2012ರಲ್ಲಿ ವಿಶೇಷ ಸಮಿತಿಯೊಂದನ್ನು ಮಾಡಿ, ಹಿಂದೆ ಬಿಟ್ಟುಹೋಗಿದ್ದ ಇಂಥ ಆರು ತಂಡಗಳನ್ನು ಪ್ರದರ್ಶಕ ಕಲಾವಿದರೆಂದೇ ಸೇರಿಸಿಕೊಂಡರು. ಫ್ಲೇಮ್ಸ್‌ನ ಬಾಬಿ ಬರ್ಡ್ ಅದನ್ನು ನೋಡಲು ಉಳಿದಿರಲಿಲ್ಲ, ಆದರೆ ಮಿರಕಲ್ಸ್‌ನ ಕ್ಲಾಡೆಟ್ ರಾಬಿನ್ಸನ್ ಇದ್ದರು. ಅದೇ ಅಧಿಕಾರದಿಂದ ಥಾರ್ನ್‌ಟನ್ ಅವರನ್ನು ಗಾಯಕಿಯೆಂದು, ಸಾಲ್ಟ್-ಎನ್-ಪೆಪಾವನ್ನು ಪ್ರದರ್ಶಕ ತಂಡವೆಂದು ದಾಖಲೆಯಲ್ಲಿ ತಿದ್ದಬಹುದು. ರಾಜರ್ಸ್ ಹೆಸರಿನ ಪಕ್ಕದಲ್ಲಿ ಬರ್ನಾರ್ಡ್ ಎಡ್ವರ್ಡ್ಸ್ ಮತ್ತು ಟೋನಿ ಥಾಂಪ್ಸನ್ ಹೆಸರುಗಳನ್ನು ಬರೆಯಲು ಹನ್ನೆರಡನೆಯ ಮತದಾನದ ಅಗತ್ಯವೂ ಇಲ್ಲ.