ಗಾಳಿ ಕಮ್ಮಿ ಇತ್ತು ಅಂತ ಬರ್ಕೊಂಡ, ಮೀಟರ್ ಇಟ್ಟು ನೋಡ್ಲೇ ಇಲ್ಲ

"ಗಾಡಿ ಮೇಡಂ ಓಡಿಸೋದಾ?"

ಟೈರ್ ಕಂಪನಿ ಇಂಜಿನಿಯರ್ ಇದನ್ನ ನನ್ನನ್ನ ಕೇಳಿದ್ದಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ತಮ್ಮನ್ನ ಕೇಳಿದ್ದು. ಆರ್‌ಸಿ ನನ್ನ ಹೆಸರಲ್ಲಿದೆ, ಅದರ ಜೆರಾಕ್ಸ್ ಕೌಂಟರ್ ಮೇಲೆ ಇಟ್ಟವಳು ನಾನು, ಹತ್ತು ನಿಮಿಷದಿಂದ ಟೈರ್ ವಿಷಯ ಮಾತಾಡ್ತಾ ಇದ್ದವಳೂ ನಾನೇ. ಅವನು ಮಾತ್ರ ತಮ್ಮನ ಮುಖ ನೋಡಿ ಕೇಳ್ದ. ತಮ್ಮ, "ಹೌದು ಸರ್, ಅಕ್ಕಾನೇ ಓಡಿಸೋದು, ನಂಗೆ ಲೈಸೆನ್ಸೇ ಇಲ್ಲ" ಅಂದ. ಅಷ್ಟೇ ಸಾಕಾಯ್ತು. ತಲೆ ಆಡಿಸಿ, ಅಲೈನ್‌ಮೆಂಟ್‌ಗೆ ಕಾಯ್ತಾ ಕೂತಿದ್ದ ಇಬ್ಬರ ಕಡೆ ತಿರುಗಿ ನಕ್ಕ. ಅವರೂ ನಕ್ಕರು. ಆಮೇಲೆ ಜೇಬಿಂದ ಹಳದಿ ಸೀಮೆಸುಣ್ಣ ತೆಗೆದು ಟೈರಿನ ಪಕ್ಕೆಯಲ್ಲಿ ಎದ್ದಿದ್ದ ಗುಳ್ಳೆ ಸುತ್ತ ಒಂದು ಸೊನ್ನೆ ಎಳೆದು, ವಾರಂಟಿ ಕ್ಲೇಮ್ ಫಾರ್ಮ್ ತುಂಬೋಕೆ ಶುರು ಮಾಡಿದ.

ಇದು ನಡೆದದ್ದು ಬೆಳಿಗ್ಗೆ ಹನ್ನೊಂದೂವರೆಗೆ. ಈಗ ರಾತ್ರಿ ಹನ್ನೆರಡಾಗ್ತಾ ಬಂತು. ಅಡುಗೆ ಮಾಡಿದೆ, ಅಮ್ಮನಿಗೆ ಮಾತ್ರೆ ಕೊಟ್ಟೆ, ಮಲಗಿದೆ, ಎದ್ದೆ. ಆ ನಗು ಕಣ್ಣ ಮುಂದಿಂದ ಹೋಗ್ತಿಲ್ಲ.

ಹತ್ತು ತಿಂಗಳ ಗಾಡಿ. ಓಡಿರೋದು 9,400 ಕಿಲೋಮೀಟರ್. ಕಂಪನಿಯಿಂದ ಗಾಡಿ ಜೊತೆಗೇ ಬಂದ ಟೈರ್, ಹೊರಗೆ ತಗೊಂಡು ಹಾಕಿಸಿದ್ದಲ್ಲ. ಮುಂದಿನ ಎಡಗಡೆ ಟೈರಿನ ಪಕ್ಕೆಯಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿದೆ. ನೋಡಿದ್ದೂ ನಾನಲ್ಲ, ನಮ್ಮ ಏರಿಯಾದ ಪಂಕ್ಚರ್ ಅಂಗಡಿಯವನು. ಭಾನುವಾರ ಗಾಳಿ ಹಿಡಿಸೋಕೆ ನಿಲ್ಲಿಸಿದಾಗ ಕೂತ್ಕೊಂಡು ಕೈ ಸವರಿ, "ಅಕ್ಕಾ, ಒಳಗೆ ದಾರ ಹರಿದಿದೆ, ಇದನ್ನ ಹಾಕ್ಕೊಂಡು ಹೈವೇಗೆ ಹೋಗ್ಬೇಡಿ" ಅಂದ. ನನ್ನ ಕೈಯನ್ನೂ ಅದರ ಮೇಲೆ ಇಡಿಸಿದ. ಮೆತ್ತಗೆ, ಬೆಚ್ಚಗೆ, ಬಾವು ಬಂದ ಹಾಗೆ. ಮುಟ್ಟಿದ್ರೆ ಎದೆ ಝಲ್ ಅನ್ನತ್ತೆ. ಹಿಂದಿನ ವಾರವಷ್ಟೇ ಅದೇ ಟೈರಲ್ಲಿ ಅಮ್ಮನ್ನ ಕೂರಿಸಿಕೊಂಡು ನಂಜನಗೂಡಿಗೆ ಹೋಗಿ ಬಂದಿದ್ದೆ. ಅವನು ಸ್ಟೆಪ್ನಿ ಹಾಕಿಕೊಟ್ಟು ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ.

ಶೋರೂಮಿಗೆ ಹೋದೆ. ಸರ್ವಿಸ್ ಅಡ್ವೈಸರ್ ವಾರಂಟಿ ಪುಸ್ತಕ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟ: ಟೈರಿಗೆ ಟೈರ್ ಕಂಪನಿಯದೇ ವಾರಂಟಿ, ಗಾಡಿ ವಾರಂಟಿಯಲ್ಲಿ ಬರಲ್ಲ. ಅಲ್ಲಪ್ಪಾ, ಟೈರ್ ಆರಿಸಿದ್ದು ನಾನಾ? ಬಣ್ಣ ಕೇಳಿದ್ರಿ, ಸೀಟ್ ಕವರ್ ಕೇಳಿದ್ರಿ, ಮ್ಯಾಟ್ ಕೇಳಿದ್ರಿ, ನಂಬರ್ ಪ್ಲೇಟಿನ ಫ್ರೇಮ್ ಯಾವುದು ಅಂತನೂ ಕೇಳಿದ್ರಿ. ಟೈರ್ ಯಾವ ಕಂಪನಿದು ಬೇಕು ಅಂತ ಒಬ್ಬರೂ ಕೇಳಲಿಲ್ಲ. ಮೂರನೇ ಮಹಡಿ ಅಂಕಲ್‌ದೂ ಇದೇ ಗಾಡಿ, ಇದೇ ವೇರಿಯಂಟು, ಎರಡು ತಿಂಗಳು ಆಚೀಚೆ ತಗೊಂಡಿದ್ದು. ಅವರದಕ್ಕೆ ಬೇರೆ ಕಂಪನಿ ಟೈರು! ಗಾಡಿ ಮಾಡೋರು ಎರಡು ಮೂರು ಕಡೆಯಿಂದ ಟೈರ್ ತರಿಸ್ತಾರೆ, ಫ್ಯಾಕ್ಟರಿಯಲ್ಲಿ ಆವತ್ತು ಯಾವುದು ಬಂದಿರತ್ತೋ ಅದನ್ನ ಹಾಕ್ತಾರೆ. ನಮ್ಮ ಪಾಲಿಗೆ ಬಂದದ್ದು ನಮಗೆ. ಹನ್ನೊಂದು ಲಕ್ಷದ ಗಾಡಿಯಲ್ಲಿ ರಸ್ತೆ ಮುಟ್ಟೋದು ನಾಲ್ಕು ಕಡೆ, ಒಂದೊಂದು ಕಡೆ ಅಂಗೈ ಅಗಲ. ಆ ನಾಲ್ಕು ಅಂಗೈ ಅಗಲಕ್ಕೆ ಮಾತ್ರ ಅವರು ಜವಾಬ್ದಾರರಲ್ಲ.

ಅದೂ ಹೋಗ್ಲಿ ಅಂತ ಬಿಟ್ಟೆ. ಟೈರ್ ಕಂಪನಿ ಡೀಲರ್ ಹತ್ರ ಹೋಗಿ ಅಂದ್ರು, ಹೋದೆ. ಮಂಗಳವಾರ ಕಂಪನಿಯಿಂದ ಇಂಜಿನಿಯರ್ ಬರ್ತಾರೆ ಅಂದ್ರು, ಅರ್ಧ ದಿನ ರಜೆ ಹಾಕಿ ಮತ್ತೆ ಹೋದೆ. ಆ ಇಂಜಿನಿಯರೇ ಇವನು.

ಏನೇನು ಮಾಡಿದ ಅಂತ ಹೇಳ್ತೀನಿ, ಟೈರ್ ಕೆಲಸ ಗೊತ್ತಿರೋರು ಇದ್ರೆ ಸರಿಯೋ ತಪ್ಪೋ ಹೇಳಿ. ಡಿಕ್ಕಿಯಿಂದ ಚಕ್ರ ಇಳಿಸಿ ಗೋಡೆಗೆ ಒರಗಿಸಿದ್ರು. ಅವನು ಕೂತ್ಕೊಳ್ಳಲೂ ಇಲ್ಲ, ಬಗ್ಗಿ ನೋಡ್ದ. ಪಾದದ ತುದಿಯಿಂದ ಚಕ್ರವನ್ನ ಒಂದು ಸುತ್ತು ತಿರುಗಿಸಿದ. ಪಕ್ಕೆ ಮೇಲಿದ್ದ ನಾಲ್ಕು ಅಂಕಿ ಬರ್ಕೊಂಡ. 3224, ಅಂದ್ರೆ 2024ರ 32ನೇ ವಾರ ತಯಾರಾಗಿದ್ದು. ಅದು ಹೇಗೆ ಓದೋದು ಅಂತ ನನಗೂ ಗೊತ್ತು, ಹಿಂದಿನ ರಾತ್ರಿ ಎಲ್ಲ ಓದ್ಕೊಂಡೇ ಹೋಗಿದ್ದೆ. ಗೀರಿನ ಆಳ ಅಳೆಯೋ ಕಡ್ಡಿ ಇಟ್ಟ. ಎಲ್ಲ ಸೇರಿ ಎರಡು ನಿಮಿಷ ಇಲ್ಲ. ಅದಾದ ಮೇಲೇ "ಮೇಡಂ ಓಡಿಸೋದಾ". ಅದಾದ ಮೇಲೇ ನಗು. ಅದಾದ ಮೇಲೆ ಬರೆದ: "ಗಾಳಿ ಕಡಿಮೆ ಇಟ್ಟು ಓಡಿಸಿದ್ದರಿಂದ ಮತ್ತು ಹೊಡೆತದಿಂದ ಆದ ಹಾನಿ. ಕ್ಲೇಮ್ ತಿರಸ್ಕೃತ."

ಗಾಳಿ ಕಡಿಮೆ! ಚಕ್ರ ಅಲ್ಲೇ ಇತ್ತು, ಒಳಗೆ ಗಾಳಿ ಇತ್ತು, ಮೂರು ಅಡಿ ದೂರದ ಗೋಡೆ ಮೇಲೆ ಮೀಟರ್ ನೇತಾಡ್ತಾ ಇತ್ತು. ಎರಡು ಭಾನುವಾರಕ್ಕೊಮ್ಮೆ ತಪ್ಪದೆ 33 ಹಿಡಿಸೋಳು ನಾನು. ಬಾಗಿಲ ಹತ್ರ ಅಂಟಿಸಿರೋ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ, ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ. "ಸರ್, ಅಳತೆ ನೋಡಿ ಬರೀರಿ" ಅಂದೆ. "ನೋಡಿದ್ರೇ ಗೊತ್ತಾಗತ್ತೆ ಮೇಡಂ, ಹದಿನೆಂಟು ವರ್ಷದ ಸರ್ವಿಸ್ ನಂದು" ಅಂದ. "ರಿಮ್‌ನಿಂದ ಬಿಚ್ಚಿ ಒಳಗಡೆನಾದ್ರೂ ನೋಡಿ" ಅಂದೆ. ಗುಂಡಿಗೆ ಬಿದ್ದು ಏಟು ತಿಂದಿದ್ರೆ ಒಳಮೈ ಮೇಲೆ ಅದರ ಗುರುತು ಸಿಗತ್ತಂತೆ, ದಾರ ತುಂಡಾದ ಕಡೆ ಸೀಳು ಕಾಣತ್ತಂತೆ. ಏನೂ ಕಾಣದಿದ್ರೆ ಫ್ಯಾಕ್ಟರಿಯಲ್ಲಿ ಟೈರ್ ಮಾಡೋವಾಗಲೇ ಎಡವಟ್ಟಾಗಿರಬಹುದು. ಇದು ನಾನು ಕಟ್ಟಿದ ಕಥೆಯಲ್ಲ, ಪಂಕ್ಚರ್ ಅಂಗಡಿಯವನಿಗೂ ಗೊತ್ತಿರೋ ವಿಷಯ. ಇಂಜಿನಿಯರ್ ತಮ್ಮನ ಕಡೆ ತಿರುಗಿ, "ಇವರಿಗೆ ಸ್ವಲ್ಪ ಹೇಳಿ ಸರ್" ಅಂದ.

ಇವರಿಗೆ. ಸ್ವಲ್ಪ ಹೇಳಿ.

ಹದಿನಾರು ವರ್ಷದಿಂದ ಈ ಊರಲ್ಲಿ ಗಾಡಿ ಓಡಿಸ್ತಿದ್ದೀನಿ. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಸಂಜೆ ಆರೂವರೆಗೆ, ಮಳೆಯಲ್ಲಿ, ಪಕ್ಕದಲ್ಲಿ ಜ್ವರದ ಮಗು ಮಲಗಿಸಿಕೊಂಡು ಓಡಿಸಿದ್ದೀನಿ. ಒಬ್ಬರಿಗೂ ತಗುಲಿಸಿಲ್ಲ. ಯಾವ ಗುಂಡಿಗೂ ಬಿಟ್ಟವಳಲ್ಲ ನಾನು.

ಇಲ್ಲ. ಅದು ಪೂರ್ತಿ ನಿಜ ಅಲ್ಲ. ಒಂದು ಸಲ ಬಿದ್ದಿದೆ. ಸೆಪ್ಟೆಂಬರಲ್ಲಿ, ಬನ್ನೇರುಘಟ್ಟ ರಸ್ತೆ, ಹುಳಿಮಾವು ಹತ್ರ, ರಾತ್ರಿ, ನೀರು ನಿಂತಿತ್ತು. ಕೆಳಗೆ ಏನಿದೆ ಕಾಣಲಿಲ್ಲ. ದಡ್ ಅಂತ ಸದ್ದಾಯ್ತು, ಸ್ಟೇರಿಂಗ್ ಕೈಗೆ ಹೊಡೀತು. ಇಳಿದು ಮೊಬೈಲ್ ಬೆಳಕಲ್ಲಿ ನೋಡಿದೆ, ರಿಮ್ ನೆಟ್ಟಗಿತ್ತು, ಮನೆಗೆ ಬಂದೆ. ಅದರಿಂದಲೇ ಆಗಿರಬಹುದು. ಆಗಿರಬಹುದು, ಒಪ್ಪಿದೆ. ಆದ್ರೆ ಅದನ್ನ ಟೈರ್ ಒಳಗೆ ನೋಡಿ ಹೇಳ್ಬೇಕಲ್ವಾ? ನನ್ನ ಸೀರೆ ನೋಡಿ ಹೇಳೋದಾ? ಒಳಗೆ ಗುರುತು ತೋರಿಸಿ "ನೋಡಿ ಮೇಡಂ, ಇಲ್ಲಿ ಏಟು ಬಿದ್ದಿದೆ" ಅಂದಿದ್ರೆ ಬಾಯ್ಮುಚ್ಕೊಂಡು ಹೊಸ ಟೈರಿಗೆ ದುಡ್ಡು ಕೊಟ್ಟು ಬರ್ತಿದ್ದೆ. ಅಮ್ಮನಾಣೆ, ಬರ್ತಿದ್ದೆ.

ಮತ್ತೆ, ಬೆಂಗಳೂರಲ್ಲಿ ಗುಂಡಿಗೆ ಬೀಳದ ಟೈರ್ ಯಾವುದಿದೆ ಹೇಳಿ? ಈ ಊರಲ್ಲೇ ಗಾಡಿ ಮಾರ್ತಾರೆ, ಈ ರಸ್ತೆ ಟ್ಯಾಕ್ಸ್ ಕಟ್ಟಿಸ್ಕೊಂಡೇ ರಿಜಿಸ್ಟರ್ ಮಾಡಿಸ್ತಾರೆ, ಆಮೇಲೆ ಗುಂಡಿಗೆ ಬಿದ್ರೆ ವಾರಂಟಿ ಇಲ್ಲ ಅಂತಾರೆ. ಗಾಡಿಯೋರು ಟೈರಿನೋರನ್ನ ತೋರಿಸ್ತಾರೆ, ಟೈರಿನೋರು ರಸ್ತೆ ತೋರಿಸ್ತಾರೆ. ರಸ್ತೆಯೋರು ಯಾರು, ಎಲ್ಲಿ ಕೂತಿರ್ತಾರೆ, ಅವರ ಕೌಂಟರ್ ಯಾವುದು?

ಇವತ್ತು ಸಂಜೆ ತಮ್ಮ ಏನೋ ಹುಡುಕಿ ತೋರಿಸಿದ. ಹೊಸ ಗಾಡಿ ಜೊತೆ ಬಂದ ಟೈರಿಂದ ಗಿರಾಕಿಗೆ ಎಷ್ಟು ತೃಪ್ತಿ ಆಗಿದೆ ಅಂತ ಅಳೆಯೋಕೇ ಅಂತ ಜೆ.ಡಿ. ಪವರ್ ಅನ್ನೋ ಸಂಸ್ಥೆ ನಮ್ಮ ದೇಶದಲ್ಲೂ ಸಮೀಕ್ಷೆ ಮಾಡಿದೆಯಂತೆ. ನೋಟ, ಬಾಳಿಕೆ, ಹಿಡಿತ, ಸವಾರಿ, ನಾಲ್ಕಕ್ಕೂ ಅಂಕ. ನನ್ನನ್ನ ಯಾರೂ ಕೇಳಿಲ್ಲ. ಕೇಳಿದ್ರೆ ನಾಲ್ಕಕ್ಕೂ ಅಂಕ ಕೊಡ್ತೀನಿ, ನೋಟ ಚೆನ್ನಾಗೇ ಇದೆ, ಮಳೆಯಲ್ಲಿ ಬ್ರೇಕ್ ಹಾಕಿದ್ರೆ ಜಾರಿಲ್ಲ. ಆ ನಾಲ್ಕರಲ್ಲಿ, ಟೈರ್ ಕೆಟ್ಟ ದಿನ ಅದನ್ನ ಹೊತ್ಕೊಂಡು ಹೋದವಳ ಜೊತೆ ಹೇಗೆ ಮಾತಾಡಿದ್ರು ಅನ್ನೋದನ್ನ ಎಲ್ಲಿ ಬರೀಲಿ?

ಅಂಕ ಅಂದಾಗ ನೆನಪಾಯ್ತು. ಗಾಡಿ ಕೊಟ್ಟ ದಿನ ಶೋರೂಮ್ ಹುಡುಗ ಟ್ಯಾಬ್ ಹಿಡ್ಕೊಂಡು ಬಂದು, "ಮೇಡಂ, ಎಲ್ಲಾದಕ್ಕೂ ಹತ್ತೇ ಒತ್ತಿ, ಒಂಬತ್ತು ಕೊಟ್ರೂ ನಮಗೆ ಸೊನ್ನೆ ಲೆಕ್ಕ" ಅಂದಿದ್ದ. ಪಾಪ ಅನ್ನಿಸಿ ಎಲ್ಲಾದಕ್ಕೂ ಹತ್ತು ಒತ್ತಿದೆ. ಗಾಡಿಯನ್ನ ಆಗಿನ್ನೂ ಒಂದು ಅಡಿನೂ ಓಡಿಸಿರಲಿಲ್ಲ. ಈಗ ಎಲ್ಲೋ ಒಂದು ಕಡೆ ಲೆಕ್ಕದಲ್ಲಿ ನಾನು ತೃಪ್ತಿಯಾದ ಗಿರಾಕಿ.

ಹೊಸ ಟೈರ್ 8,400 ರೂಪಾಯಿ. ಮುಂದಿನ ಎರಡೂ ಒಟ್ಟಿಗೆ ಹಾಕಿಸಿ ಅಂದ್ರು, 16,800, ಅಲೈನ್‌ಮೆಂಟ್ ಬೇರೆ. ಟೈರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಲ್ಲಿ 28ರಿಂದ 18ಕ್ಕೆ ಇಳಿದಿದೆ, ಅದಕ್ಕೂ ಮುಂಚೆ ಆಗಿದ್ರೆ ಇನ್ನೂ ಜಾಸ್ತಿ ಆಗ್ತಿತ್ತು ಅಂತ ತಮ್ಮ ಸಮಾಧಾನ ಹೇಳ್ದ. ಬಿಡು ಅಕ್ಕ, ಹಾಕಿಸಿ ಮುಗಿಸು ಅಂದ. ನಾನೂ ಹೂಂ ಅಂದೆ. ಯಾರು ಅಲೀತಾರೆ? ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಫೀಸೇ ಇಲ್ಲ ಅಂತಾನೂ ಗೊತ್ತು. ಆದ್ರೆ ಪ್ರತಿ ತಾರೀಖಿಗೂ ರಜೆ ಹಾಕ್ಬೇಕು, ಅಮ್ಮನ್ನ ನೋಡ್ಕೊಳ್ಳೋಕೆ ಯಾರನ್ನಾದ್ರೂ ಕರೀಬೇಕು. 8,400ಕ್ಕೆ ಇಷ್ಟೆಲ್ಲಾ ಬೇಡ ಅಂತಾನೇ ಮಲಗೋಕೆ ಹೋಗಿದ್ದು.

ನಿದ್ದೆ ಬರ್ತಿಲ್ಲ ಯಾಕಂದ್ರೆ ಕೊನೆಗೆ ನಾನು ಮಾಡಿದ್ದು. ಫಾರ್ಮ್ ಕೆಳಗೆ ಗ್ರಾಹಕರ ಸಹಿ ಅಂತ ಜಾಗ ಇತ್ತು. ಅವನು ಪೆನ್ನು ತಮ್ಮನ ಕಡೆ ಚಾಚಿದ. ತಮ್ಮ ನನಗೆ ಕೊಟ್ಟ. ಗಾಳಿ ಕಡಿಮೆ ಅಂತ ಬರೆದಿದ್ದರ ಕೆಳಗೆ ನಾನು ಸಹಿ ಹಾಕಿದೆ. ಹಾಕಿ, "ಥ್ಯಾಂಕ್ಸ್ ಸರ್" ಅಂದೆ. ಯಾಕೆ ಅಂದೆ? ಗೊತ್ತಿಲ್ಲ. ಹಿಂದೆ ಇಬ್ಬರು ಕೂತು ನೋಡ್ತಾ ಇದ್ರು, ಬೇಗ ಅಲ್ಲಿಂದ ಹೊರಟುಬಿಡ್ಬೇಕಿತ್ತು. ಅಷ್ಟೇ.

ಆ ಸಹಿ ವಾಪಸ್ ತಗೊಳ್ಳೋಕೆ ಆಗತ್ತಾ? ಯಾರಾದ್ರೂ ಹೇಳಿ. ಒಪ್ಪಿಗೆ ಇಲ್ಲ, ಟೈರ್ ಬಿಚ್ಚಿ ಮತ್ತೆ ನೋಡಿ ಅಂತ ಬರೆದುಕೊಟ್ರೆ ನೋಡ್ಲೇಬೇಕಾ, ಇಲ್ಲ ಅದನ್ನೂ ಹರಿದು ಬಿಸಾಕ್ತಾರಾ? ಯಾರಿಗೆ ಬರೀಬೇಕು, ಡೀಲರಿಗಾ, ಕಂಪನಿಗಾ? ಹೀಗೇ ಆಗಿ ಎರಡನೇ ಸಲ ನೋಡಿಸಿದವರು ಒಬ್ಬರಾದ್ರೂ ಇದ್ರೆ ದಯವಿಟ್ಟು ಉತ್ತರ ಕೊಡಿ. ಚಕ್ರ ಇನ್ನೂ ಡಿಕ್ಕಿಯಲ್ಲೇ ಇದೆ. ಈಗ ಕೆಳಗೆ ಹೋಗಿ ಮನೆಯ ಮೀಟರ್ ಇಟ್ಟು ನೋಡಿ ಬಂದೆ. 32 ತೋರಿಸ್ತು. ಫೋಟೋ ತೆಗೆದಿಟ್ಟಿದ್ದೀನಿ, ಹಳದಿ ಸೊನ್ನೆ ಸಮೇತ.